ಬಲಗಡೆಯಿಂದ ತೆರೆಯುವ ಪುಸ್ತಕ

ನಮ್ಮವರ ಹೆಸರು ಪಂಡಿತ. ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಒಂದು ಸಣ್ಣ ವಾಚನಾಲಯದಲ್ಲಿ ಇಪ್ಪತ್ತು ವರ್ಷದಿಂದ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸ. ಅಲ್ಲಿಗೆ ಬರುವವರು ಎರಡೇ ಥರ: ಪೇಪರ್ ಓದುವ ನಿವೃತ್ತರು, ಪೊಲೀಸ್ ಭರ್ತಿ ಪರೀಕ್ಷೆಯ ಗೈಡ್ ಕೇಳುವವರು. ಇವರಿಗೋ, ಇಬ್ಬರಿಗೂ ಬೇಡವಾದ ಒಂದು ಪುಸ್ತಕದ ಹುಚ್ಚು. ಹನ್ನೊಂದು ವರ್ಷದ ಹಿಂದೆ ಲಾತೂರಿನ ಪುಸ್ತಕ ಪ್ರದರ್ಶನದಿಂದ ಹೊತ್ತು ತಂದರು. ಜಪಾನಿನ ಚಿತ್ರಕಥೆ, ಮಾಂಗಾ ಅನ್ನುತ್ತಾರಂತೆ. ಇಂಗ್ಲಿಷಿನಲ್ಲಿದೆ, ಹನ್ನೆರಡು ಭಾಗ. ಭೂತದ ಪುಸ್ತಕ ನಮ್ಮಲ್ಲಿ ಬೇಡ ಎಂದರು ವಾಚನಾಲಯದ ಕಮಿಟಿಯವರು. ಹಾಗಾಗಿ ನನ್ನ ಸೀರೆ ಅಲಮಾರಿಯ ಕೆಳಗಿನ ಖಾನೆ ಅದರ ಪಾಲಾಯಿತು.

ನಾನು ಓದಿಲ್ಲ, ಆದರೆ ಕೇಳಿ ಕೇಳಿ ಕಥೆ ಬಾಯಿಪಾಠವಾಗಿದೆ. ಕೋಟೆ, ಕತ್ತಿ, ಮಹಾಮಾರಿಯ ಕಾಲದ ಒಂದು ನಾಡು. ಯುದ್ಧ ಮುಗಿದ ಊರುಗಳಿಗೆ ಒಬ್ಬ ಹೆಂಗಸು ಬಂದು ಸತ್ತವರಿಗೆ ಕುಣಿ ತೋಡುತ್ತಾಳೆ. ಹೆಸರು ಹಿಡಿದು ಕರೆದು ಮಣ್ಣು ಕೊಟ್ಟರೆ ಸತ್ತವರು ಸುಮ್ಮನೆ ಮಲಗುತ್ತಾರೆ. ಹೆಸರು ಸಿಗದವರು ದೆವ್ವವಾಗಿ ಏಳುತ್ತಾರೆ. ಹೆಸರು ಹುಡುಕುತ್ತ ಅಲೆಯುವುದೇ ಆಕೆಯ ಬಾಳು.

ಯಾರು ಮನೆಗೆ ಬಂದರೂ ಚಹಾ ಆರುವ ಮೊದಲೇ ಇವರದು ಶುರು. "ಮೊದಲ ಎರಡ ಭಾಗ ಜರಾ ತಾಳ್ಮಿ ಇರಲಿ ರೀ. ಮೂರನೇದರಿಂದ ಅದೇ ನಿಮಗ ಬಿಡಂಗಿಲ್ಲ. ರಕ್ತ ಭಾಳ ಅದ, ಖರೇ. ಊಟಾ ಮಾಡ್ಕೋತ ಓದಬ್ಯಾಡ್ರಿ. ಮತ್ತ ಬಲಗಡಿಯಿಂದ ತೆರೀರಿ, ಮರೀಬ್ಯಾಡ್ರಿ." ಜಪಾನಿನವರು ಹಿಂದಿನಿಂದ ಮುಂದಕ್ಕೆ ಓದುತ್ತಾರಂತೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ.

ನಿಲಂಗಾದಲ್ಲಿರುವ ನನ್ನ ತಂಗಿಯ ಗಂಡ ನೀಲಕಂಠ ಒಮ್ಮೆ ಇಲ್ಲೇ ಕೂತು, ಮೊದಲ ಭಾಗವನ್ನು ನಮ್ಮ ಮರಾಠಿ ಪುಸ್ತಕ ತೆರೆದಂತೆ ಎಡಗಡೆಯಿಂದ ತೆರೆದ. "ಅಲ್ರೀ ಅಣ್ಣಾ, ಮೊದಲನೇ ಪುಟದಾಗೇ ಊರ ಸುಟ್ಟು ಎಲ್ಲಾರೂ ಸತ್ತಾರ. ಇನ್ನೇನ ಓದಲಿ?" ಎಂದು ಮುಚ್ಚಿಟ್ಟ. ಎಲ್ಲರದೂ ಇದೇ ಹಣೆಬರಹ. ಒಂದು ಭಾಗವನ್ನೂ ಯಾರೂ ಮನೆಗೆ ಒಯ್ಯಲಿಲ್ಲ. ನಾನೂ ಓದಲಿಲ್ಲ, ಶಾಲೆಯಲ್ಲಿ ಐವತ್ತು ಮಕ್ಕಳ ಜೊತೆ ಕೂಗಾಡಿ ಬಂದವಳಿಗೆ ದೆವ್ವಗಳೂ ಬೇಕೆ? ಇವರಿಗೆ ಬೇಕಿದ್ದದ್ದು ದೊಡ್ಡದೇನಲ್ಲ. ಆ ಕಥೆ ಓದಿ, ಎದುರು ಕೂತು ಮಾತಾಡುವ ಒಬ್ಬ ಮನುಷ್ಯ. ಹೇಳಿ ಹೇಳಿ ಈಚೆಗೆ ಅವರ ದನಿಯೂ ಸೋತಿತ್ತು.

ಹೋದ ಶ್ರಾವಣದಲ್ಲಿ ನಮ್ಮ ಗಲ್ಲಿಯ ಗುರುಲಿಂಗಪ್ಪನವರು ಸೊಸೆ ದಾನೇಶ್ವರಿಯ ಕೈಹಿಡಿದು ನಮ್ಮ ಮನೆಗೆ ಬಂದರು. ತೊಂಬತ್ತು ವರ್ಷದ ಹಿರಿಯರು. ಮೇಜಿನ ಮೇಲೆ ಮೊದಲ ಭಾಗ ಬಿದ್ದಿತ್ತು. ಯಾರೂ ಹೇಳಲಿಲ್ಲ, ಅಜ್ಜ ಅದನ್ನು ಬಲಗಡೆಯಿಂದಲೇ ತೆರೆದರು, ಬಲದಿಂದ ಎಡಕ್ಕೇ ಬೆರಳಾಡಿಸಿದರು. ನಮ್ಮವರು ನೋಡುತ್ತಲೇ ನಿಂತರು.

"ಏನ ನೋಡ್ತೀಯೋ ಪಂಡಿತ? ನಾ ನಿಜಾಮನ ಕಾಲದಾಗ ಉರ್ದೂ ಸಾಲಿಗೆ ಹೋದಾಂವಾ. ನಾಕ ವರ್ಷ ಹಿಂಗೇ ಓದೀನಿ" ಎಂದರು ಅಜ್ಜ.

ಮರುದಿನದಿಂದ ಮಧ್ಯಾಹ್ನ ವಾಚನಾಲಯ ಮುಚ್ಚಿದ ಮೇಲೆ ಇವರು ಅಜ್ಜನ ಕಟ್ಟೆಗೆ ಹೋಗತೊಡಗಿದರು. ಅಜ್ಜನಿಗೆ ಇಂಗ್ಲಿಷ್ ಬಾರದು. ಅಜ್ಜ ಚಿತ್ರ ನೋಡುವುದು, ಇವರು ಕನ್ನಡದಲ್ಲಿ ಹೇಳುವುದು. ಮನೆಗೆ ಬಂದು ರೊಟ್ಟಿ ತಿನ್ನುವಾಗ ಮುಖ ಅರಳಿರುತ್ತಿತ್ತು. ಐದು ದಿನ ಹೀಗೆ ನಡೆಯಿತು.

ಆರನೆಯ ದಿನ ಊರು ಉರಿಯುವ ಕೊನೆಯ ಚಿತ್ರಗಳು ಬಂದವು. ಅಜ್ಜ ಬೆರಳು ಇಟ್ಟಲ್ಲೇ ಇಟ್ಟರಂತೆ. "ನಿಜಾಮನ ರಾಜ್ಯ ಹೋದ ವರ್ಷ ನಮ್ಮ ಹಳ್ಯಾಗೂ ಹಿಂಗೇ ಉರಿ ಬಿದ್ದಿತ್ತು. ನನಗ ಹನ್ನೆರಡ ವರ್ಷ. ನಮ್ಮ ಓಣ್ಯಾಗ ಐದ ಮಂದಿ ಹ್ವಾದ್ರು." ನಾಲ್ಕು ಹೆಸರು ಹೇಳಿದರು. ಐದನೆಯದು ನೆನಪಾಗಲಿಲ್ಲ. "ಕುಂಬಾರಕಿ. ನಮ್ಮ ಮನಿಗಿ ಗಡಗಿ ಕೊಡ್ತಿದ್ದಳು, ನನ್ನ ಕೈಯಾಗ ಬೆಲ್ಲಾ ಇಡ್ತಿದ್ದಳು. ಹೆಸರ ಏನಿತ್ತೋ ಪಂಡಿತ ಆಕಿದು?" ಎಂದು ಇವರನ್ನೇ ಕೇಳಿದರಂತೆ. ಇವರು ಪುಸ್ತಕ ಮುಚ್ಚಿ ಮನೆಗೆ ತಂದರು. ಆ ದಿನ ರೊಟ್ಟಿ ಮುಟ್ಟಲಿಲ್ಲ.

ನಾಲ್ಕು ದಿನ ಬಿಟ್ಟು ದಾನೇಶ್ವರಿ ಬಂದಳು. ಆಕೆಯ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು.

"ಅಣ್ಣಾವರ, ಮಾವನೋರು ಎರಡನೇ ಭಾಗ ತಗೊಂಡ ಬಾ ಅಂತ ಕಳಿಸ್ಯಾರ. ಉಣ್ಣಾಕ ಕರದರ ಬರವಲ್ರು. ಹೋಗೋರು ಬರೋರಿಗೆಲ್ಲಾ ಯಾರೋ ಕುಂಬಾರಕಿ ಹೆಸರ ಕೇಳ್ತಾರ. ಮುಂದಿನ ಪುಸ್ತಕದಾಗ ಹೆಸರ ಸಿಗತದ ಅಂತ ಕುಂತಾರ."

ನಮ್ಮವರು ಹೊಸ್ತಿಲಲ್ಲಿ ಬಾಗಿಲಿಗೆ ಕೈಕೊಟ್ಟು ನಿಂತಿದ್ದರು. ಓದಿರಿ ಎಂದು ಕಂಡಕಂಡವರ ಕಾಲು ಹಿಡಿದಂತೆ ಬೇಡಿಕೊಂಡ ಮನುಷ್ಯ. ಪುಸ್ತಕ ಕೇಳಿಕೊಂಡು ಬಾಗಿಲಿಗೆ ಒಬ್ಬರು ಬಂದದ್ದು ಇದೇ ಮೊದಲು.

"ಇಲ್ಲವಾ ತಂಗಿ. ಬ್ಯಾರೆ ಯಾರೋ ಓದಾಕ ಒಯ್ದಾರ" ಎಂದರು.

"ಯಾವಾಗ ಬರ್ತದ್ರಿ?"

"ಹೇಳಾಕ ಬರಂಗಿಲ್ಲ. ಅದರ ಮ್ಯಾಗ ಭಾಳ ಮಂದಿ ನಂಬರ ಹಚ್ಚಿ ಕುಂತಾರ."

ದಾನೇಶ್ವರಿ ತಲೆಯಾಡಿಸಿ ಹೋದಳು. ನಾನು ನನ್ನ ಅಲಮಾರಿಯ ಮುಂದೆಯೇ ನಿಂತಿದ್ದೆ, ಅದರ ಬಾಗಿಲು ತೆರೆದಿತ್ತು, ಹನ್ನೆರಡೂ ಭಾಗ ಸಾಲಾಗಿ ಕಾಣುತ್ತಿದ್ದವು. ಇವರು ನನ್ನ ಮುಖ ನೋಡಲಿಲ್ಲ. ಹೊಸ್ತಿಲ ಮೇಲೆಯೇ ಕೂತರು. ಹನ್ನೆರಡು ಭಾಗದಲ್ಲಿ ಎಲ್ಲೂ ಆ ಕುಂಬಾರಕಿಯ ಹೆಸರಿಲ್ಲವೆಂದು ಇವರಿಗೆ ಗೊತ್ತಿತ್ತು; ನಾನು ಅಲಮಾರಿಯ ಬಾಗಿಲು ಮುಚ್ಚಿದೆ.