ಐದು ಗಂಟಿನ ದಾರ

ನವಲಗುಂದದ ಬಸ್ ನಿಲ್ದಾಣದಲ್ಲಿ, ಜಮಖಾನೆ ನೇಯುವ ನಮ್ಮ ಓಣಿಯ ಫಾತಿಮಾ ಕಾಕು ಕುಂದಗೋಳದ ತಂಗಿಗೆಂದು ನೂಲಿನ ಚೀಲವನ್ನು ಡ್ರೈವರ್ ಕೈಗೆ ಕೊಟ್ಟರು. ಅದಕ್ಕೆ ಕಟ್ಟಿದ್ದ ಕೆಂಪು ದಾರದಲ್ಲಿ ಐದು ಗಂಟುಗಳಿದ್ದವು.

"ಇಷ್ಟು ಗಂಟು ಯಾಕ್ರಿ ಕಾಕು?" ಎಂದೆ.

"ಇದು ಐದನೇ ಚೀಲಪಾ. ಮುಟ್ಟಿದ್ರ ಆಕಿ ಐದು ಗಂಟಿನ ದಾರಾ ತಿರುಗಿ ಕಳಸ್ತಾಳ. ನಾಳಿ ಬಸ್ಸಿಗೆ ಬರ್ಲಿಲ್ಲಂದ್ರ ಮತ್ತೊಂದು ಚೀಲ ಕಳಸೂದು."

ನಾನು ನಿಂತಲ್ಲೇ ನಿಂತೆ. ಹುಬ್ಬಳ್ಳಿಯ ನಮ್ಮ ಕಾಲೇಜಿಗೆ ಆಗಷ್ಟೇ ಬಂದಿದ್ದ ಎರಡು ಕಂಪ್ಯೂಟರುಗಳು ಪರಸ್ಪರ ಸಂದೇಶ ಕಳಿಸುವಂತೆ ಮಾಡಲು ಸಿ ಭಾಷೆಯಲ್ಲಿ ಹದಿನೈದು ದಿನ ಒದ್ದಾಡಿದ್ದೆ. ಕೆಲವು ಸಂದೇಶ ದಾರಿಯಲ್ಲೇ ಕಳೆದುಹೋಗುತ್ತಿದ್ದವು. ಬಂದ ಉತ್ತರ ಯಾವುದಕ್ಕೆಂದು ತಿಳಿಯುತ್ತಿರಲಿಲ್ಲ. ಕಾಕುವಿನ ಮಾತು ಕೇಳಿದ ಮರುದಿನ ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಹಾಕಿದೆ; ಅದೇ ಸಂಖ್ಯೆ ಮರಳದಿದ್ದರೆ ಮತ್ತೆ ಕಳಿಸುವಂತೆ ಬರೆದೆ. ಪ್ರೋಗ್ರಾಮ್ ನಡೆಯಿತು!

ಅದರಲ್ಲಿ ಆ ಸಂಖ್ಯೆಗೆ ನಾನಿಟ್ಟ ಹೆಸರು 'ಗಂಟು'. ಇಂಗ್ಲಿಷ್ ಸಾಲುಗಳ ನಡುವೆ ಕಾಕುವಿನ ಆ ಒಂದು ಪದವನ್ನು ನಾನು ಇವತ್ತಿಗೂ ಅಳಿಸಿಲ್ಲ.