ರಾಜಾಪಾರ್ಟಿಗೂ ನನಗೂ ನಡುವೆ ತೂಗುತ್ತಿದ್ದ ಮೈಕು

ನಾಟಕ ಕಂಪನಿಯಲ್ಲಿ ನಾನು ತಾಯಿ ಪಾರ್ಟು ಮಾಡುತ್ತಿದ್ದೆ. ಮೂವತ್ತು ದಾಟುವ ಮೊದಲೇ ತಲೆಗೂದಲಿಗೆ ಬಿಳಿ ಬಳಿದು ನನ್ನನ್ನು ಮುದುಕಿ ಮಾಡಿಬಿಟ್ಟಿದ್ದರು. ಅದಕ್ಕೆ ಕಾರಣ ನನ್ನ ಗಂಟಲು. ದನಿ ಸಣ್ಣದು, ಹಿಂದಿನ ಗ್ಯಾಲರಿಯವರೆಗೆ ಹೋಗುತ್ತಿರಲಿಲ್ಲ. "ತಾಯಿ ಅಂದ್ರೆ ಅಳ್ತಾಳೆ, ಸಾಯ್ತಾಳೆ. ಅದಕ್ಯಾಕಮ್ಮ ದನಿ?" ಎಂದು ಎಲ್ಲರೆದುರು ಹೇಳಿ ನಗುತ್ತಿದ್ದವರು ನಮ್ಮ ರಾಜಾಪಾರ್ಟಿನವರು. ರಾಜನ ವೇಷ, ಕತ್ತಿ, ಮುಖ್ಯ ಪಾತ್ರ ಎಲ್ಲ ಯಾವಾಗಲೂ ಅವರದೇ. ಅವರ ಗಂಟಲು ಕಂಪನಿಯ ಆಸ್ತಿ ಎಂದು ಯಜಮಾನರೇ ಹೇಳುತ್ತಿದ್ದರು. ಅವರು ರಂಗದ ಮೇಲೆ "ಎಲವೋ" ಎಂದರೆ ತಗಡಿನ ಚಾವಣಿ ನಡುಗುತ್ತಿತ್ತು. ನನಗೆ ಆ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ. ಅವರಿಗೂ ನನ್ನನ್ನು ಕಂಡರೆ ಅಷ್ಟೇ.

ಐವತ್ತರ ದಶಕದ ನಡುವೆ ಕಂಪನಿ ರಾಜಾಜಿನಗರದಲ್ಲಿ ಕ್ಯಾಂಪು ಹಾಕಿತು. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆಗಳು ಅಲ್ಲೊಂದು ಇಲ್ಲೊಂದು ಏಳುತ್ತಿದ್ದವು. ಫ್ಯಾಕ್ಟರಿಯವರು, ಮಾಗಡಿ ರಸ್ತೆಯ ಮಿಲ್ಲಿನವರು, ಆಚೆ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುವವರು ಎಲ್ಲ ಸೇರಿ ಥಿಯೇಟರು ತುಂಬುತ್ತಿತ್ತು. ಅಷ್ಟು ದೊಡ್ಡ ಥಿಯೇಟರನ್ನು ಕಂಪನಿ ಹಿಂದೆಂದೂ ಕಟ್ಟಿರಲಿಲ್ಲ. ರಂಗದ ನಡುವೆ ತೂಗುತ್ತಿದ್ದ ಒಂದು ಹಳೆಯ ಮೈಕು, ಹೊರಗೆ ಕಂಬಕ್ಕೆ ಕಟ್ಟಿದ ಒಂದು ಹಾರ್ನು, ಇಷ್ಟೇ ನಮ್ಮ ಸಲಕರಣೆ. ರಾಜಾಪಾರ್ಟಿನವರು ಮೈಕಿನ ಕೆಳಗಿನ ಜಾಗವನ್ನು ತಮ್ಮ ಹೆಸರಿಗೆ ಬರೆಸಿಕೊಂಡವರಂತೆ ನಿಲ್ಲುತ್ತಿದ್ದರು. ಉಳಿದವರ ಮಾತು ಮುಂದಿನ ಕುರ್ಚಿಗಳಲ್ಲೇ ಸಾಯುತ್ತಿತ್ತು. ನಾನು ಬಾಯಿ ತೆರೆದರೆ ಸಾಕು, ಗ್ಯಾಲರಿಯಿಂದ "ಕೇಳಿಸ್ತಿಲ್ಲಾ, ಒಳಗೆ ಹೋಗಮ್ಮೋ" ಎಂಬ ಕೂಗು ಏಳುತ್ತಿತ್ತು.

ಒಂದು ದಿನ ಯಜಮಾನರು ಮೆಜೆಸ್ಟಿಕ್ಕಿನ ಕಡೆ ಸಿನಿಮಾ ನೋಡಿ ಬಂದರು. ನಟಿ ಪಿಸುಗುಟ್ಟಿದ್ದೂ ಹಿಂದಿನ ಸಾಲಿಗೆ ಕೇಳಿಸಿತಂತೆ. ಆ ಹೊಟ್ಟೆಕಿಚ್ಚಿನಲ್ಲೇ ಹೊಸ ಸೆಟ್ ತರಿಸಿದರು. ರಂಗದ ಉದ್ದಕ್ಕೂ ತೂಗುವ ಮೂರು ಮೈಕುಗಳು, ದೊಡ್ಡ ಆಂಪ್ಲಿಫೈಯರು, ರಂಗದ ಎರಡೂ ಬದಿಗೆ ಮರದ ಪೆಟ್ಟಿಗೆಯ ಸ್ಪೀಕರು, ಗ್ಯಾಲರಿಯ ಹತ್ತಿರ ಹಾರ್ನುಗಳು. ಜೊತೆಗೆ ಚಿಕ್ಕಪೇಟೆಯಿಂದ ಒಬ್ಬ ಮೈಕಿನವನೂ ಬಂದ. ಸದಾ ಬೀಡಿ ಕಚ್ಚಿಕೊಂಡಿರುವ ಸಿಡುಕ. ನಾಟಕದವರನ್ನು ಕಂಡರೆ ಅವನಿಗೆ ಕಾಸಿನಷ್ಟೂ ಮರ್ಯಾದೆ ಇರಲಿಲ್ಲ.

ಬೆಳಿಗ್ಗೆ ಪರೀಕ್ಷೆ ನಡೆಯಿತು. ರಾಜಾಪಾರ್ಟಿನವರು ಮೊದಲು ಬಂದು ಎದೆಯುಬ್ಬಿಸಿ "ಎಲವೋ" ಎಂದರು. ಸ್ಪೀಕರು ಕೀರಲಾಗಿ ಕಿರುಚಿತು. ಎಲ್ಲರೂ ಕಿವಿ ಮುಚ್ಚಿಕೊಂಡೆವು.

"ಮೆತ್ತಗೆ ಸ್ವಾಮಿ" ಎಂದ ಮೈಕಿನವನು. "ಪಕ್ಕದಲ್ಲಿರೋರ ಹತ್ರ ಮಾತಾಡೋ ಹಂಗೆ ಮಾತಾಡಿ."

"ಲೇ, ನಾನು ಇಪ್ಪತ್ತು ವರ್ಷದಿಂದ ಹಿಂಗೇ ಮಾತಾಡ್ತಿರೋದು. ನಿನ್ ಡಬ್ಬ ಸರಿ ಮಾಡ್ಕೋ."

"ಡಬ್ಬ ಸರಿಯಾಗೈತೆ. ಬೇರೆ ಯಾರಾದ್ರೂ ಬರ್ಲಿ."

ಯಾರೂ ಮುಂದೆ ಬರಲಿಲ್ಲ. ಯಜಮಾನರು ನನ್ನ ಕಡೆ ಕೈ ಮಾಡಿದರು. ಬಂದಿಯಾದ ತಾಯಿಯನ್ನು ರಾಜಕುಮಾರ ನೋಡಲು ಬರುವ ಸೆರೆಮನೆಯ ದೃಶ್ಯದ ಮಾತು ಹೇಳಿದೆ: "ಮಗನೇ, ಈ ಕತ್ತಲೆಯಲ್ಲಿ ನಿನ್ನ ಮುಖವೂ ಕಾಣುತ್ತಿಲ್ಲ." ಯಾವತ್ತಿನ ಸಣ್ಣ ದನಿಯಲ್ಲೇ ಹೇಳಿದ್ದು. ಆದರೆ ಅದು ಖಾಲಿ ಥಿಯೇಟರಿನ ಮೂಲೆ ಮೂಲೆಗೂ ಹೋಗಿ, ನನ್ನ ಬೆನ್ನ ಹಿಂದಿನಿಂದ ಯಾರೋ ಮಾತಾಡಿದಂತೆ ನನಗೇ ವಾಪಸು ಕೇಳಿಸಿತು. ಗ್ಯಾಲರಿ ಗುಡಿಸುತ್ತಿದ್ದ ಹೆಂಗಸು ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟಳು.

"ಹಿಂಗೆ" ಎಂದ ಮೈಕಿನವನು, ರಾಜಾಪಾರ್ಟಿನವರನ್ನೇ ನೋಡುತ್ತಾ.

ಅಂದಿನಿಂದ ಹಗೆತನ ಬಯಲಿಗೆ ಬಂತು. ಜನ ನನ್ನ ಮಾತು ಕೇಳತೊಡಗಿದರು. ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು ಬರುತ್ತಿತ್ತು. ಸೆರೆಮನೆಯ ದೃಶ್ಯಕ್ಕೆ "ಒನ್ಸ್ ಮೋರ್" ಬಿತ್ತು. ನನ್ನ ಆಯುಷ್ಯದಲ್ಲೇ ಮೊದಲ ಸಲ. ರಾಜಾಪಾರ್ಟಿನವರು ಬಣ್ಣದ ಕೋಣೆಯಲ್ಲಿ ನನಗೆ "ಮೈಕಮ್ಮ" ಎಂದು ಹೆಸರಿಟ್ಟರು. ಉಳಿದವರೂ ಹಾಗೇ ಕರೆದು ನಗತೊಡಗಿದರು. ರಂಗದ ಮೇಲೆ ನನಗೂ ಮೈಕಿಗೂ ಅಡ್ಡವಾಗಿ ನಿಲ್ಲುವುದು, ನನ್ನ ಮಾತು ಮುಗಿಯುವ ಮೊದಲೇ ತಮ್ಮ ಮಾತು ಹಾಕುವುದು ಶುರುವಾಯಿತು. ಸೆರೆಮನೆಯಲ್ಲಿ ಮಗ, ಅಂದರೆ ಅವರು, ತಾಯಿಯ ಕಾಲಿಗೆ ಬೀಳಬೇಕು. ಹಾಗೆ ಬಿದ್ದಾಗ ನನ್ನ ಕಾಲ್ಬೆರಳನ್ನು ಉಗುರಿನಿಂದ ಚಿವುಟುತ್ತಿದ್ದರು. ನಾನು ಅಳುತ್ತಲೇ ಆಶೀರ್ವಾದ ಮಾಡುತ್ತಿದ್ದೆ. ಜನ ಅದನ್ನು ಅಭಿನಯವೆಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಯಜಮಾನರಿಗೆ ಹೇಳಿದರೆ, "ದೊಡ್ಡವರು ಕಣಮ್ಮ, ಸ್ವಲ್ಪ ತಡ್ಕೋ" ಎಂದರು.

ಒಂದು ಭಾನುವಾರ ಸಂಜೆಯ ಆಟ. ಕೂರಲು ಜಾಗವಿಲ್ಲದೆ ಜನ ಗೋಡೆಗೊರಗಿ ನಿಂತಿದ್ದರು. ಸೆರೆಮನೆಯ ದೃಶ್ಯದಲ್ಲಿ ನಾನು ಮಾತು ಮುಗಿಸುತ್ತಿದ್ದಂತೆ ರಾಜಾಪಾರ್ಟಿನವರು ನಾಟಕದಲ್ಲಿಲ್ಲದ ಮಾತು ತೆಗೆದರು. ಕೈಯನ್ನು ಮೇಲೆ ಮೈಕಿನ ಕಡೆ ಚಾಚಿ, "ಅಮ್ಮಾ, ಈಗ ನುಡಿದದ್ದು ನೀನೋ, ಅಥವಾ ಮೇಲೆ ತೂಗಾಡುತ್ತಿರುವ ಆ ಡಬ್ಬಿಯೋ?" ಎಂದರು.

ಜನ ಘೊಳ್ಳೆಂದು ನಕ್ಕರು. ಸುಮ್ಮನಿದ್ದರೆ ಆ ದೃಶ್ಯ ಅಲ್ಲಿಗೇ ಸತ್ತಂತೆ. ನಾನು ಒಂದು ಹೆಜ್ಜೆ ಮೈಕಿನ ಹತ್ತಿರ ಸರಿದು, ಮುದ್ದು ಮಾಡುವ ತಾಯಿಯ ದನಿಯಲ್ಲಿ ಹೇಳಿದೆ: "ಮಗನೇ, ನೀನು ಹುಟ್ಟಿದ ದಿನವೂ ಹೀಗೆಯೇ ಅರಚಿದ್ದೆ. ಸೂಲಗಿತ್ತಿ ಹೆದರಿ, ಹೊಕ್ಕುಳಬಳ್ಳಿಯನ್ನೂ ಕತ್ತರಿಸದೆ ಓಡಿಹೋದಳು."

ನಗುವಿಗೆ ತಗಡು ಹಾರಿಹೋಗಬೇಕು, ಹಾಗೆ ನಕ್ಕರು. ಶಿಳ್ಳೆ ಬಿತ್ತು. ರಾಜಾಪಾರ್ಟಿನವರ ಮುಖ ಬಣ್ಣದ ಕೆಳಗೂ ಕಪ್ಪಿಟ್ಟದ್ದು ನನಗೆ ಕಂಡಿತು. ಅವರು ನೇರ ಮೈಕಿನ ಕೆಳಗೆ ಹೋಗಿ, ಬಾಯನ್ನು ಅದಕ್ಕೆ ಎತ್ತಿ ಹಿಡಿದು, ಸಿಟ್ಟಿನಿಂದ ತಮ್ಮ ಮುಂದಿನ ಮಾತನ್ನೆಲ್ಲ ಅರಚಿದರು. ಒಂದಕ್ಷರವೂ ತಿಳಿಯಲಿಲ್ಲ. ಸ್ಪೀಕರು ಒಡೆದ ದನಿಯಲ್ಲಿ ಬೊಗಳಿತು. ಮಕ್ಕಳು ಅತ್ತವು.

ಗ್ಯಾಲರಿಯಿಂದ ಯಾರೋ ಕೂಗಿದರು: "ಏ ರಾಜಾ, ಮೆತ್ತಗೆ ಮಾತಾಡೋ! ಕಿವಿ ಹೋಯ್ತು!"

ಬಹುಶಃ ಅವರ ಜೀವಮಾನದಲ್ಲಿ ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ. ಸೊಂಟದ ತಗಡಿನ ಕತ್ತಿ ಎಳೆದು ಮೈಕಿಗೆ ಬಾರಿಸಿದರು. ವೈರು ಕಿತ್ತು ಮೈಕು ನನ್ನ ಭುಜಕ್ಕೆ ಬಡಿದು ಕೆಳಗೆ ಬಿತ್ತು. ಮೈಕಿನವನು ಪಕ್ಕದ ಪರದೆಯಿಂದ ನುಗ್ಗಿ ಬಂದ. ಮಹಾರಾಜರ ಸೆರೆಮನೆಗೆ ಪಟ್ಟಾಪಟ್ಟಿ ಶರಟಿನವನು ನುಗ್ಗಿ ರಾಜಕುಮಾರನ ಕೊರಳ ಹಾರ ಹಿಡಿದು ಎಳೆದಾಡುವುದನ್ನು ಜನ ಬೆಂಚು ಹತ್ತಿ ನೋಡಿದರು. ಪರದೆ ಬೀಳಿಸಿದರು.

ಒಳಗೆ ಯಜಮಾನರು ಮೊದಲು ಬಂದದ್ದು ನನ್ನ ಹತ್ತಿರವೇ. ಭುಜಕ್ಕೆ ಏನಾಯಿತೆಂದು ಕೇಳುತ್ತಾರೆಂದುಕೊಂಡೆ.

"ಅವ್ರ ಕಾಲಿಗೆ ಬಿದ್ದು ತಪ್ಪಾಯ್ತು ಅನ್ನು" ಎಂದರು.

"ನಾನ್ಯಾಕೆ ಬೀಳ್ಲಿ? ಶುರು ಮಾಡಿದ್ದು ಅವ್ರು. ಮೈಕು ಕಿತ್ತಿದ್ದೂ ಅವ್ರು."

"ಜನ ಬರೋದು ಅವ್ರನ್ನ ನೋಡೋಕೆ ಕಣಮ್ಮ."

"ಹಂಗಾದ್ರೆ ನನ್ನ ಕೇಳೋಕೆ ಬಂದೋರ್ಗೆ ನೀವೇ ಉತ್ತರ ಹೇಳಿ, ಯಜಮಾನ್ರೇ. ನಾನು ಬೀಳಲ್ಲ."

ನಾನು ಬೀಳಲಿಲ್ಲ. ರಾಜಾಪಾರ್ಟಿನವರು "ಒಂದು ಮೈಕಿರ್ಬೇಕು, ಇಲ್ಲ ನಾನಿರ್ಬೇಕು" ಎಂದು ಟ್ರಂಕು ಕಟ್ಟಿದರು. ಹಾಕಿದ ಸೆಟ್ಟನ್ನು ಕೀಳಿಸುವ ಮನಸ್ಸು ಯಜಮಾನರಿಗೆ ಬರಲಿಲ್ಲ. ರಾಜಾಪಾರ್ಟಿನವರು ಬೇರೆ ಕಂಪನಿಗೆ ಹೊರಟುಹೋದರು. ಎಳೆಯ ನಟನೊಬ್ಬನನ್ನು ಹಾಕಿಕೊಂಡು ಆಟ ನಡೆಸಿದೆವು. ನನಗೆ ಚಪ್ಪಾಳೆ ಬೀಳುತ್ತಿತ್ತು, ಆದರೆ ಕುರ್ಚಿಗಳು ಖಾಲಿ ಬೀಳತೊಡಗಿದವು. ಅದಕ್ಕೂ ನಾನೇ ಕಾರಣವೆಂದರು. ಬಣ್ಣದ ಕೋಣೆಯಲ್ಲಿ ನಾನು ಕೂತರೆ ಪಕ್ಕದವರು ಕನ್ನಡಿ ಎತ್ತಿಕೊಂಡು ದೂರ ಹೋಗುತ್ತಿದ್ದರು. ನನ್ನ ಜೊತೆ ಮಾತಾಡುತ್ತಿದ್ದವನು ಮೈಕಿನವನೊಬ್ಬನೇ, ಅದೂ ಸಿಡುಕಿಕೊಂಡು.

ಕೆಲವು ತಿಂಗಳ ಮೇಲೆ ಯಜಮಾನರೇ ಹೋಗಿ ರಾಜಾಪಾರ್ಟಿನವರನ್ನು ಕರೆತಂದರು. ಮೊದಲ ಆಟದಲ್ಲಿ ಮತ್ತೆ ಅದೇ ಸೆರೆಮನೆ, ಮತ್ತೆ ನಾನೇ ತಾಯಿ. ಅರಚುತ್ತಾರೆಂದು ಕಾದೆ. ಅವರು ಮೈಕಿನಿಂದ ಸ್ವಲ್ಪ ಓರೆಯಾಗಿ ಮಂಡಿಯೂರಿ, ಬಹಳ ಮೆಲ್ಲಗೆ, ಉಸಿರಿನಷ್ಟೇ ದನಿಯಲ್ಲಿ "ಅಮ್ಮಾ" ಎಂದರು. ಎಲ್ಲಿ ಕಲಿತಿದ್ದರೋ! ಆ ಹೋದ ಕಂಪನಿಯಲ್ಲೂ ಮೈಕು ಬಂದಿತ್ತಂತೆ. ಥಿಯೇಟರು ಉಸಿರು ಬಿಡದೆ ಕೂತಿತ್ತು. ನನ್ನ ಮಾತಿನ ಸರದಿ ಬಂದಾಗ ಯಾರಿಗೂ ನಾನು ಬೇಕಿರಲಿಲ್ಲ. ಅವರು ನನಗಿಂತ ಚೆನ್ನಾಗಿ ಮಾಡಿದರು. ಹೊಟ್ಟೆ ಉರಿದುಹೋಯಿತು. ಕಾಲಿಗೆ ಬಿದ್ದಾಗ ಚಿವುಟಲೂ ಇಲ್ಲ. ಅದರ ಅಗತ್ಯ ಅವರಿಗೆ ಈಗ ಇರಲಿಲ್ಲ.

ಆಮೇಲಾಮೇಲೆ ಹೊಸದಾಗಿ ಸೇರಿದವರಿಗೆ ಅವರು, "ಈ ಮೈಕ್ ಸೆಟ್ ಹಾಕ್ಸೋಕೆ ಯಜಮಾನ್ರನ್ನ ಒಪ್ಪಿಸಿದ್ದೇ ನಾನು" ಎಂದು ಹೇಳುವುದನ್ನು ಕೇಳಿದ್ದೇನೆ. ಯಜಮಾನರು ಪಕ್ಕದಲ್ಲೇ ಎಲೆ ಅಡಿಕೆ ಜಗಿಯುತ್ತಾ ಹೂಂಗುಟ್ಟುತ್ತಿದ್ದರು. ಕ್ಯಾಂಪು ಕೀಳುವ ಹೊತ್ತಿಗೆ ನಾನು ಬೇರೆ ಕಂಪನಿಗೆ ಮಾತಾಡಿಕೊಂಡಿದ್ದೆ. ಗಾಡಿ ಬಂದು ನಿಂತಾಗ ರಾಜಾಪಾರ್ಟಿನವರು ಬಾಗಿಲಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಹೋಗಿ ಬರ್ತೀನಿ ಅನ್ನಲಿಲ್ಲ ನಾನು. ಅವರೂ ಲೋಟದಿಂದ ತಲೆ ಎತ್ತಲಿಲ್ಲ.