ಚೀನಾದಿಂದ ತಂದ ಶುಭಚಿಹ್ನೆ

ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದಾಗ ಬರುವ ವಾಸನೆ ನಿಮಗೂ ಗೊತ್ತಿರಬಹುದು. ಈ ಯುಗಾದಿಯ ಬೆಳಿಗ್ಗೆ, ಪರದೇಶದ ಈ ಕ್ಯಾಂಪ್‌ಬೆಲ್ಲಿನ ನಮ್ಮ ಮನೆಯಲ್ಲಿ ಆ ವಾಸನೆ ಎದ್ದಾಗ ನಾನು ಒಬ್ಬಟ್ಟಿನ ಹೂರಣದ ಜೊತೆ ಗುದ್ದಾಡುತ್ತಿದ್ದೆ. ಎಂಬತ್ತೆರಡು ದಾಟಿದ ನಮ್ಮತ್ತೆ ಹೊರಬಾಗಿಲ ಮೇಲೆ ‘ಚೀನಾ ಶುಭಚಿಹ್ನೆ’ ಬರೆಯುತ್ತಿದ್ದರು. ಬಿಳಿ ಬಾಗಿಲಿಗೆ ತಟ್ಟೆಯಗಲದ ಒಂದು ಕೆಂಪು ವೃತ್ತ, ಅದರೊಳಗೆ ಒಂದು ಚೀನೀ ಅಕ್ಷರ. ಹಬ್ಬ ಮುಗಿದ ಮೇಲೆ ಅದನ್ನು ಉಜ್ಜುವ ಕೆಲಸ ನನ್ನ ಗಂಡನದು. ಕಲೆ ಪೂರ್ತಿ ಹೋಗದೆ, ಈ ಇಪ್ಪತ್ತು ವರ್ಷದಲ್ಲಿ ಎರಡು ಸಲ ಬಾಗಿಲಿಗೆ ಬಣ್ಣ ಹೊಡೆಸಿದ್ದೇವೆ.

ಅರ್ಧ ಗಂಟೆಯೂ ಕಳೆದಿರಲಿಲ್ಲ, ಯಾರೋ ಬೆಲ್ಲು ಮಾಡಿದರು. ಹೋದ ತಿಂಗಳಷ್ಟೇ ಪಕ್ಕದ ಮನೆಗೆ ಬಂದ ಫಾಂಗ್. ಚೀನಾದವಳು, ಹೇವರ್ಡ್‌ನ ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಾಳೆ. ಕೆಲಸಕ್ಕೆ ಹೊರಟವಳು ಕಾರಿನ ಬಾಗಿಲು ತೆರೆದೇ ಬಿಟ್ಟು ಓಡಿ ಬಂದಂತಿತ್ತು. “ನೀವು ಮನೆ ಮಾರಿಬಿಟ್ಟಿರಾ? ಯಾವಾಗ ಕೆಡವುತ್ತಾರೆ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಮ್ಮ ಬೀದಿಯಲ್ಲಿ ಹಳೆಯ ಮನೆ ಕೆಡವಿ ಅರಮನೆ ಎಬ್ಬಿಸುವುದು ಹೊಸದೇನಲ್ಲ. ಆದರೂ ವರ್ಷತೊಡಕಿಗೂ ಮುಂಚೆಯೇ, ಹಬ್ಬದ ಬೆಳಿಗ್ಗೆಯೇ ಇದೆಂಥ ತೊಡಕು ಎಂದುಕೊಂಡು, “ಇಲ್ಲವಲ್ಲ, ಯಾಕೆ?” ಎಂದೆ.

ಅವಳು ಬಾಗಿಲಿನತ್ತ ಬೆರಳು ಮಾಡಿದಳು. “ಇಲ್ಲಿ ಬರೆದಿದೆಯಲ್ಲ, ‘ಕೆಡವಿ’ ಅಂತ. ನಮ್ಮಲ್ಲಿ ಕೆಡವಬೇಕಾದ ಮನೆಗಳ ಮೇಲೆ ಸರ್ಕಾರದವರು ಹೀಗೇ ಬರೆಯುತ್ತಾರೆ.”

ನನ್ನ ಕೈಯಲ್ಲಿದ್ದ ಹೂರಣದ ಉಂಡೆ ಹೊಸ್ತಿಲ ಮೇಲೆ ಬಿತ್ತು. ಒಳಗಿನಿಂದ ಅತ್ತೆ, “ಯಾರೇ ಅದು? ಒಳಗೆ ಕರಿ, ಬೇವು ಬೆಲ್ಲ ಕೊಡು” ಎನ್ನುತ್ತಿದ್ದರು.

ಈಗ ನಿಮಗೆ ನಮ್ಮ ಚೀನಾ ಪ್ರವಾಸದ ವಿಷಯ ಹೇಳಲೇಬೇಕು. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು, ನನ್ನ ಗಂಡನನ್ನು ಆಫೀಸಿನವರು ಆರು ತಿಂಗಳ ಮಟ್ಟಿಗೆ ಶಾಂಘೈಗೆ ಕಳಿಸಿದ್ದರು. ಮೈಸೂರಿನಿಂದ ಅತ್ತೆಯೂ ಬಂದರು. ಅಷ್ಟು ದೂರ ಬಂದವರಿಗೆ ಏನಾದರೂ ತೋರಿಸಬೇಕಲ್ಲ ಎಂದು ಯಾಂಗ್ಟ್ಸಿ ನದಿಯಲ್ಲಿ ನಾಲ್ಕು ದಿನದ ಹಡಗಿನ ಪ್ರಯಾಣಕ್ಕೆ ಹೊರಟೆವು. ಅತ್ತೆಯ ಚೀಲದಲ್ಲಿ ಪುಳಿಯೋಗರೆ ಗೊಜ್ಜು, ಅವಲಕ್ಕಿ, ಪುಟ್ಟದೊಂದು ರೈಸ್ ಕುಕ್ಕರು. ನನ್ನ ಕೊರಳಲ್ಲಿ ಹೊಸ ಕ್ಯಾಮೆರಾ, ಜೊತೆಗೆ ಹತ್ತು ರೋಲು ಫಿಲ್ಮು. ನಾನೊಬ್ಬಳು ಭಾರೀ ಫೋಟೊಗ್ರಾಫರು ಎಂಬ ಭ್ರಮೆ ಆಗ ನನಗೆ ಬಲವಾಗಿತ್ತು.

ನದಿಯ ಎರಡೂ ಬದಿಯ ಬೆಟ್ಟಗಳು ಎಷ್ಟು ಎತ್ತರವೆಂದು ಕೇಳಿದರೆ ನಾನು ಹೇಳಲಾರೆ, ಏಕೆಂದರೆ ನಾನು ಅವನ್ನು ನೋಡಿದ್ದೆಲ್ಲ ಕ್ಯಾಮೆರಾದ ಕಿಂಡಿಯಿಂದ. ಮೇಲಾಗಿ ಅತ್ತೆಯದೊಂದು ನಿಯಮವಿತ್ತು: “ಮನುಷ್ಯರಿಲ್ಲದ ಫೋಟೊ ದಂಡ ಕಣೇ. ಬರೀ ಬೆಟ್ಟ ಯಾರಿಗೆ ಬೇಕು?” ಹೀಗಾಗಿ ಪ್ರತಿ ಬೆಟ್ಟದ ಮುಂದೆಯೂ ಮೈಸೂರು ರೇಷ್ಮೆ ಸೀರೆ ಉಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಅತ್ತೆ ನಿಂತಿದ್ದಾರೆ. ಬೆಟ್ಟ ಅವರ ಕಿವಿಯ ಅಕ್ಕಪಕ್ಕ ಅಷ್ಟಿಷ್ಟು ಕಾಣುತ್ತದೆ.

ಮೂರನೆಯ ದಿನ ಹಡಗು ಒಂದು ಸಣ್ಣ ಊರಿನಲ್ಲಿ ನಿಂತಿತು. ಆ ಊರಿನ ಬಗ್ಗೆ ಗೈಡು ಬೆಳಗಿನ ತಿಂಡಿಯ ಹೊತ್ತಿನಲ್ಲಿ ಏನೋ ದೀರ್ಘವಾಗಿ ಹೇಳಿದ್ದ. ಆ ಹೊತ್ತಿಗೆ ನಾವು, ಮೀನಿನ ಸಾಸು ಹಾಕಿದ ಅನ್ನ ಸಸ್ಯಾಹಾರವಲ್ಲವೆಂದು ಅಡುಗೆಯವನಿಗೆ ಸನ್ನೆಯಲ್ಲಿ ತಿಳಿಸುವ ಘನಕಾರ್ಯದಲ್ಲಿದ್ದೆವು. ದಡದಿಂದ ಊರಿಗೆ ನೂರಾರು ಕಲ್ಲಿನ ಮೆಟ್ಟಿಲು. ಅತ್ತೆ ನಿಂತು ನಿಂತು ಹತ್ತುವಷ್ಟರಲ್ಲಿ ನನ್ನ ಗಂಡನೂ ಸೇರಿ ಉಳಿದವರೆಲ್ಲ ಮುಂದೆ ಹೋಗಿಬಿಟ್ಟಿದ್ದರು.

ಬೀದಿಗೆ ಕಾಲಿಟ್ಟರೆ ಪ್ರತಿ ಮನೆಯ ಬಾಗಿಲ ಮೇಲೂ ಒಂದೇ ಥರದ ಕೆಂಪು ವೃತ್ತ, ಒಳಗೊಂದು ಅಕ್ಷರ. ಮನೆಗಳ ಮುಂದೆ ಮಂಚ, ಪಾತ್ರೆ, ಹಾಸಿಗೆ ಸುರುಳಿ ಎಲ್ಲ ಹೊರಗೆ. “ಏನೇ ಇದು, ಊರಿಗೆ ಊರೇ ಮದುವೆಮನೆ!” ಎಂದರು ಅತ್ತೆ. “ಸುಣ್ಣ ಬಳಿಯೋಕೆ ಸಾಮಾನು ಹೊರಗಿಟ್ಟಿದಾರೆ ನೋಡು.” ನನಗೂ ಹಾಗೆಯೇ ಅನ್ನಿಸಿತು. ಬಾಗಿಲಿಗೆ ಕೆಂಪು ಬಳಿದರೆ ಶುಭಕಾರ್ಯವಲ್ಲದೆ ಮತ್ತೇನು? ಮೈಸೂರಿನಲ್ಲಿ ಹುಟ್ಟಿ ಬೆಳೆದ ಯಾರಿಗೂ ಬೇರೆ ಅರ್ಥ ಹೊಳೆಯುವುದಿಲ್ಲ.

ಒಂದು ಬಾಗಿಲ ಮುಂದೆ ಅತ್ತೆಗಿಂತ ಸ್ವಲ್ಪ ಹಿರಿಯ ಹೆಂಗಸೊಬ್ಬಳು ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತಿದ್ದಳು. ಅತ್ತೆ ಪರ್ಸಿನಿಂದ ಕುಂಕುಮದ ಭರಣಿ ತೆಗೆದು ಅವಳ ಹಣೆಗಿಟ್ಟು, ಅಚ್ಚ ಕನ್ನಡದಲ್ಲಿ, “ಕಾರ್ಯ ಚೆನ್ನಾಗಿ ನಡೀಲಿ ಕಣಮ್ಮ” ಎಂದು ಹರಸಿದರು. ಅವಳು ಅತ್ತೆಯ ಎರಡೂ ಕೈ ಹಿಡಿದುಕೊಂಡು ಅಳತೊಡಗಿದಳು. “ಹೆಣ್ಣು ಕಳಿಸೋ ಮನೆ ಇರ್ಬೇಕು, ಪಾಪ” ಎಂದರು ಅತ್ತೆ. ನನಗೆ ಮಾತ್ರ ಫೋಟೊದ್ದೇ ಚಿಂತೆ. ಬಾಗಿಲು, ಬೆಳಕು, ಇಬ್ಬರು ಅಜ್ಜಿಯರು, ಎಲ್ಲ ಹೇಳಿ ಮಾಡಿಸಿದಂತಿದೆ, ಈ ಅಳುವೊಂದು ಕೆಡಿಸುತ್ತಿದೆ. ನಾನು ಎರಡು ಬೆರಳಿನಿಂದ ನನ್ನ ತುಟಿಯ ಅಂಚುಗಳನ್ನು ಎಳೆದು ಹಲ್ಲು ತೋರಿಸಿ, ನಗಿ, ನಗಿ ಎಂದು ಸನ್ನೆ ಮಾಡಿದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ತೋಳಿನಿಂದ ಮುಖ ಒರೆಸಿಕೊಂಡು ನಕ್ಕಳು. ಕ್ಲಿಕ್ಕಿಸಿದೆ.

ಆ ಫೋಟೊ ನಮ್ಮ ಹಾಲಿನ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿದೆ. ಯಾವ ರಂಗೋಲಿಯನ್ನಾದರೂ ಒಮ್ಮೆ ನೋಡಿದರೆ ಸಾಕು ಬರೆದುಬಿಡುವ ಅತ್ತೆ, ಅದನ್ನು ನೋಡಿಕೊಂಡೇ ನಮ್ಮ ಗೃಹಪ್ರವೇಶದ ದಿನ ಬಾಗಿಲಿಗೆ ಆ ಚಿಹ್ನೆ ಬರೆದರು. ಆಮೇಲೆ ಹಬ್ಬಹಬ್ಬಕ್ಕೂ. ಒಂದು ಸಲ ಟಪಾಲು ತಂದ ಚೀನೀ ಹೆಂಗಸು ಬಾಗಿಲನ್ನೊಮ್ಮೆ ನನ್ನ ಮುಖವನ್ನೊಮ್ಮೆ ನೋಡಿ, ಮೆಲ್ಲಗೆ ‘ಗುಡ್ ಲಕ್’ ಎಂದು ಹೋಗಿದ್ದಳು. ನೋಡಿ ಅತ್ತೆ, ಅವರಿಗೂ ಸಂತೋಷ ಎಂದು ನಾನೇ ಬೀಗಿದ್ದೆ.

ಫಾಂಗ್ ಒಳಗೆ ಬಂದು ಫೋಟೊದ ಮುಂದೆ ನಿಂತಳು. ಅದನ್ನು ಎಲ್ಲಿ ತೆಗೆದದ್ದೆಂದು ಹೇಳಿದೆ. “ನದಿಗೆ ಕೆಳಗಡೆ ಅಣೆಕಟ್ಟು ಕಟ್ಟಿದರಲ್ಲ. ಈ ಊರು ಈಗ ನೀರಿನಡಿ ಇದೆ” ಎಂದಳು. ಅವಳ ತಾಯಿಯ ಕಡೆಯವರೂ ಆ ನದಿಯ ದಡದವರೇ. ಮುಳುಗಿದ ಊರುಗಳವರು ಫೋನಿನಲ್ಲೊಂದು ಗುಂಪು ಮಾಡಿಕೊಂಡು ಹಳೆಯ ಫೋಟೊ ಹುಡುಕುತ್ತಾರಂತೆ. “ಇದನ್ನು ಕಳಿಸಲಾ? ಈಕೆಯ ಮಕ್ಕಳ ಹತ್ತಿರ ಆ ಬಾಗಿಲಿನ ಚಿತ್ರ ಇರಲಿಕ್ಕಿಲ್ಲ.”

ಮನೆ ಕಳೆದುಕೊಳ್ಳುತ್ತಿದ್ದ ಹೆಂಗಸಿಗೆ, ಆ ಮನೆಯ ಬಾಗಿಲಲ್ಲೇ ನಿಲ್ಲಿಸಿ, ಹಲ್ಲು ತೋರಿಸು ಎಂದಿದ್ದೆ. ಇಪ್ಪತ್ತು ವರ್ಷ ಬಂದವರಿಗೆಲ್ಲ ಅದನ್ನು ತೋರಿಸಿ ಹೊಗಳಿಸಿಕೊಂಡಿದ್ದೆ. ಅತ್ತೆಗೆ ಹೇಳುವುದೇ ಬೇಡ, ಈ ವಯಸ್ಸಿನಲ್ಲಿ ಯಾಕೆ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಅವರು ಆಗಲೇ ಬೇವು ಬೆಲ್ಲದ ಬಟ್ಟಲು ಹಿಡಿದು ಎದುರಿಗೇ ನಿಂತಿದ್ದರು. ನನ್ನ ಮುಖ ನೋಡಿ, “ಏನಾಯ್ತೇ?” ಎಂದರು. ಹೇಳಿದೆ.

ಅತ್ತೆ ಬಟ್ಟಲು ಕೆಳಗಿಟ್ಟು ಸೋಫಾದ ಅಂಚಿನಲ್ಲಿ ಕೂತರು. “ಕನ್ನಂಬಾಡಿ ಕಟ್ಟೆ ಕಟ್ಟಿದಾಗ ನಮ್ಮಜ್ಜಿ ಊರೂ ಹೀಗೇ ಹೋಯ್ತು ಕಣೇ” ಎಂದರು. “ಗೋಡೆಗೆ ಸುಣ್ಣದಲ್ಲಿ ಗುರುತು ಹಾಕಿ ಹೋದ್ರಂತೆ. ಅಜ್ಜಿ ಸಾಯೋವರ್ಗೂ ಅದನ್ನೇ ಹೇಳ್ತಿದ್ರು. ಅದನ್ನ ಕೇಳ್ಕೊಂಡು ಬೆಳೆದೋಳು ನಾನು, ಹೋಗಿ ಮದುವೆ ಚೆನ್ನಾಗಾಗ್ಲಿ ಅಂದ್ನಲ್ಲೇ!”

“ನಿಮಗೇನು ಗೊತ್ತಿತ್ತು ಅತ್ತೆ” ಎಂದೆ. ಅದು ಅವರಿಗೂ ಸಮಾಧಾನ ಕೊಡಲಿಲ್ಲ, ನನಗೂ ಇಲ್ಲ.

ನಾನು ಒದ್ದೆ ಬಟ್ಟೆ ತೆಗೆದುಕೊಂಡು ಬಾಗಿಲ ಹತ್ತಿರ ಹೋದೆ. ಅತ್ತೆ ತಡೆದರು. “ತಾಳು, ಈಗ್ಲೇ ಒರೆಸ್ಬೇಡ. ಆ ಫೋಟೊ ಒಂದನ್ನೇ ಕಳಿಸ್ಬೇಡಿ, ಹಲ್ಲು ಕಿರಿದುಕೊಂಡು ನಿಂತಿದೀನಿ ಅದರಲ್ಲಿ. ಇವತ್ತಿಂದೂ ಒಂದು ತೆಗಿ. ನಂಗೆ ಈಗ ಗೊತ್ತಾಯ್ತು ಅಂತ ಆ ಹೆಂಗಸಿನ ಮನೆಯವರಿಗೆ ತಿಳೀಲಿ.”

ಅವರು ಹೊಸ್ತಿಲು ದಾಟಿ, ಸೆರಗು ಹೊದ್ದು, ಆ ಕೆಂಪು ಅಕ್ಷರದ ಪಕ್ಕ ನಿಂತರು. ನಾನು ಫೋನು ಎತ್ತಿದೆ. ‘ಸ್ವಲ್ಪ ನಗಿ ಅತ್ತೆ’ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಕ್ಲಿಕ್ಕಿಸಿದೆ.